ಖಾನೆಯ ತಳದಲ್ಲಿ ಬರೆದದ್ದು

ನನ್ನ ದೊಡ್ಡಮ್ಮನನ್ನು ಊರೆಲ್ಲ ಕರೆಯುವುದು ಮೊಳೆ ದೊಡ್ಡಮ್ಮ ಎಂದು. ಮೊಳೆ ಮಾರುತ್ತಾಳೆ ಎನ್ನುವುದು ಅದಕ್ಕೆ ಒಂದು ಕಾರಣ. ಆಡಿದ ಮಾತು ಒಂದೇ ಏಟಿಗೆ ತಲೆಯವರೆಗೂ ಇಳಿದುಬಿಡುತ್ತದೆ ಎನ್ನುವುದು ಇನ್ನೊಂದು. ಬಾಗಿಲಿಗೆ ತಿರುಪು ಬೇಕೆಂದು ಬಂದವನನ್ನು, ನಿನ್ನ ಬಾಗಿಲಿಗೆ ತಿರುಪು ಬೇಡ, ಬೇರೆ ಬಾಗಿಲು ಬೇಕು ಎಂದು ಬರಿಗೈಲಿ ಕಳಿಸಿದವಳು ಇವಳು. ವ್ಯಾಪಾರ ಮಾಡುವವರು ಹೀಗೂ ಮಾತಾಡುತ್ತಾರೆಯೇ? ಇವಳು ಆಡುತ್ತಾಳೆ. ಬೈಸಿಕೊಂಡವನು ಮಾರನೆಯ ದಿನ ಮತ್ತೆ ಇವಳ ಹತ್ತಿರವೇ ಬರುತ್ತಾನೆ, ಅದೇ ಸೋಜಿಗ.

ಅವಳು ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಮ್ಮನಿಂದ ನನಗೆ ಉಳಿದದ್ದು ಒಂದು ಉಣ್ಣೆಯ ಶಾಲು, ಮುಖ ಸರಿಯಾಗಿ ಕಾಣದ ಒಂದು ಫೋಟೋ, ಮತ್ತೆ ಮೂಗಿನ ತುದಿಯ ಮೇಲಿನ ಕೋಪ. ಅವಳು ಬರೆದ ಒಂದು ಕಾಗದ, ಹಾಕಿದ ಒಂದು ಸಹಿ ಕೂಡ ನನ್ನ ಹತ್ತಿರ ಇರಲಿಲ್ಲ. ನನ್ನನ್ನು ಸಾಕಿದವಳು ದೊಡ್ಡಮ್ಮ. ಈಗ ನನಗೆ ಮೂವತ್ತೆಂಟು. ಅಂಗಡಿಗೆ ಅಂಟಿಕೊಂಡ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ನನ್ನ ಅನ್ನ ನಾನೇ ದುಡಿಯುತ್ತೇನೆ. ಆದರೂ ಅವಳ ಬಾಯಲ್ಲಿ ನಾನು ಇನ್ನೂ 'ಏ ಹುಡುಗಿ'.

ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಆ ಕಟ್ಟಡ ನೂರಾ ಹದಿನಾಲ್ಕು ವರ್ಷದಿಂದ ನಿಂತಿದೆ. ಮುಂಬಾಗಿಲಿಗೆ ಒಂಬತ್ತು ಹಲಗೆಗಳು. ಸಂಜೆ ಅವನ್ನು ಒಂದೊಂದಾಗಿ ಹೊಸ್ತಿಲಲ್ಲಿ ಕೊರೆದ ಕಾಲುವೆಗೆ ಇಳಿಸಬೇಕು. ಐದನೆಯದು ಒದೆ ತಿನ್ನದೆ ಕೂರುವುದಿಲ್ಲ. ಒಳಗೆ ಎದುರುಗೋಡೆ ಪೂರ್ತಿ ಮರದ ಖಾನೆಗಳು. ಸಾಲಿಗೆ ಹನ್ನೆರಡರಂತೆ ಹನ್ನೆರಡು ಸಾಲು, ಒಟ್ಟು ನೂರಾ ನಲವತ್ತನಾಲ್ಕು. ಹಿಡಿ ಹಿಡಿದು ಎಳೆದರೆ ಖಾನೆ ಪೂರ್ತಿ ಕೈಗೆ ಬರುತ್ತದೆ. ಒಳಗೆ ಏನಿದೆಯೋ ಅದರ ಒಂದು ಮಾದರಿಯನ್ನು ಖಾನೆಯ ಮುಖಕ್ಕೇ ಹೊಡೆದಿದ್ದಾರೆ: ಒಂದಕ್ಕೆ ಕೊಕ್ಕೆ, ಒಂದಕ್ಕೆ ಚಿಲಕ, ಒಂದಕ್ಕೆ ಎರಡಿಂಚಿನ ಮೊಳೆ. ಓದಲು ಬಾರದವರು ಬೆರಳು ಮಾಡಿ ತೋರಿಸಲಿ ಎಂದು ಮಾಡಿದ ಏರ್ಪಾಡು. ಓದಲು ಬಂದವರೂ ಬೆರಳನ್ನೇ ಮಾಡುತ್ತಾರೆ.

ಅಂಗಡಿಗೆ ಒಂದು ಕಟ್ಟಳೆಯಿತ್ತು. ಖಾನೆಯನ್ನು ಯಾರೇ ರಿಪೇರಿ ಮಾಡಲಿ, ಅದನ್ನು ಮಗುಚಿ, ತಳದ ಮೇಲೆ ಪೆನ್ಸಿಲಿನಲ್ಲಿ ಮೂರು ಸಂಗತಿ ಬರೆಯಬೇಕು: ಯಾರು, ಯಾವಾಗ, ಯಾಕೆ. ಶುರು ಮಾಡಿದವರು ಅಂಗಡಿ ಕಟ್ಟಿಸಿದ ನಮ್ಮ ದೊಡ್ಡಪ್ಪನ ಅಜ್ಜ. ದೊಡ್ಡಮ್ಮ ಹತ್ತೊಂಬತ್ತರ ಸೊಸೆಯಾಗಿ ಬಂದಾಗ ಅವಳ ಮಾವ ಅವಳ ಕೈಗೆ ಕೊಟ್ಟದ್ದು ಬೀಗದ ಕೈ ಅಲ್ಲ, ಒಂದು ಸುತ್ತಿಗೆ, ಒಂದು ಪೆನ್ಸಿಲು. ಮುಂದೆ ಇದನ್ನು ಬಿಚ್ಚುವವನಿಗೆ ನಾವು ಏನು ಮಾಡಿದೆವು ಎಂಬುದು ತಿಳಿಯಬೇಕಮ್ಮ, ಕದ್ದುಮುಚ್ಚಿ ಮಾಡುವ ಕೆಲಸ ಈ ಅಂಗಡಿಯಲ್ಲಿ ಬೇಡ ಎಂದರಂತೆ. ದೊಡ್ಡಪ್ಪ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಅಲ್ಲಿಂದ ಖಾನೆಗಳ ಆರೈಕೆಯೆಲ್ಲ ಅವಳೊಬ್ಬಳದೇ. ಬಾಯಲ್ಲಿ ನಾಲ್ಕು ಸಣ್ಣ ಮೊಳೆ ಕಚ್ಚಿಕೊಂಡು, ಖಾನೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗಿರಾಕಿ ಬಂದರೆ ಕಣ್ಣಲ್ಲೇ 'ಇರು' ಎನ್ನುತ್ತಾಳೆ.

ನಾನು ಮಾತ್ರ ಒಂದನ್ನೂ ಮುಟ್ಟಿದವಳಲ್ಲ. ಬಾರೇ ಹುಡುಗಿ, ಕೆಳಗಿನ ಸಾಲಿನದು ಒಂದು ಬಿಚ್ಚು, ಕಲಿತುಕೋ ಎಂದು ವರ್ಷಕ್ಕೆ ಹತ್ತು ಸಲವಾದರೂ ಕರೆಯುವಳು. ನಾಳೆ ನೋಡೋಣ ಎನ್ನುವೆ. ಮರದ ಕೆಲಸಕ್ಕೆ ಬೇಕಾದ ತಾಳ್ಮೆ ನನ್ನ ಹಣೆಯಲ್ಲಿ ಬರೆದಿಲ್ಲ.

ಆ ವರ್ಷ ಪುರಸಭೆಯ ನೋಟಿಸು ಬಂತು. ನಮ್ಮ ಮೂಲೆಯಲ್ಲಿ ಲಾರಿ ತಿರುಗಲು ಜಾಗ ಸಾಲದು, ಕಟ್ಟಡ ತೆಗೆಯಬೇಕು ಎಂದು. ಸುಳ್ಳೇನಲ್ಲ. ಹಿಂದಿನ ವರ್ಷ ಅಲ್ಲೇ ಒಬ್ಬ ಸೈಕಲ್ಲಿನವನ ಕಾಲು ಮುರಿದಿತ್ತು, ಮೊದಲು ಓಡಿಹೋಗಿ ಎತ್ತಿದವಳು ದೊಡ್ಡಮ್ಮನೇ. ಉಳಿಯಲು ಒಂದೇ ದಾರಿ: ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಅಂಗಡಿ ಸೇರಬೇಕು. ಸೇರಿದರೆ ಯಾರೂ ಒಂದು ಹೆಂಚನ್ನೂ ಅಲುಗಾಡಿಸುವಂತಿಲ್ಲ. ಇಲ್ಲವಾದರೆ, ತೀರ್ಮಾನ ಬಂದ ತಿಂಗಳೊಳಗೆ ನೆಲಸಮ. ದೊಡ್ಡಮ್ಮ ಅರ್ಜಿ ಹಾಕಿದಳು. ಬರುವ ಗುರುವಾರ ಪಟ್ಟಿಯ ಕಚೇರಿಯಿಂದ ಪರೀಕ್ಷೆಗೆ ಒಬ್ಬರು ಬರುತ್ತಾರೆ ಎಂದು ಉತ್ತರವೂ ಬಂತು.

ಸೋಮವಾರ ಪುರಸಭೆಯ ಇಂಜಿನಿಯರರು ಅಳತೆಯ ಟೇಪು ಹಿಡಿದುಕೊಂಡು ಬಂದರು. ದೊಡ್ಡಮ್ಮ ಒಳಗಿದ್ದಳು. ನನ್ನ ಕೋಣೆಯ ಕಿಟಕಿಯ ಹತ್ತಿರ ನಿಂತು, ತಂಗೀ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಹಳೆಯ ಕಟ್ಟಡ ಎಂದರೆ ಒಳಗಿನದೆಲ್ಲ ಮೂಲದ್ದೇ ಇರಬೇಕಂತೆ. ಮೂರರಲ್ಲಿ ಒಂದು ಪಾಲು ಬದಲಾಗಿದ್ದರೂ ಪಟ್ಟಿಯಿಂದ ಹೊಡೆದು ಹಾಕುತ್ತಾರಂತೆ. ಅವರು ಅಷ್ಟು ಹೇಳಿ ಟೇಪು ಸುತ್ತಿಕೊಂಡು ಹೋದರು. ಮೂರರಲ್ಲಿ ಒಂದು ಪಾಲೇ? ಖಾನೆಗಳಲ್ಲಿ ನೂರಕ್ಕೂ ಹೆಚ್ಚು ಒಂದಲ್ಲ ಒಂದು ಸಲ ಸುತ್ತಿಗೆ ಕಂಡವು. ಅದನ್ನು ಬೇರೆ ಯಾರೂ ಹೇಳಬೇಕಾಗಿಯೂ ಇಲ್ಲ, ಒಂದೊಂದರ ತಳವೂ ನಮ್ಮ ಮೇಲೆ ಸಾಕ್ಷಿ ಹೇಳುತ್ತದೆ.

ದೊಡ್ಡಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ, ಇದ್ದದ್ದು ಇದ್ದಹಾಗೆ ಇರಲಿ ಎನ್ನುತ್ತಾಳೆ ಎಂದು ಗೊತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಬುಧವಾರ ಅವಳು ಕಟ್ಟಡದ ಹಳೆಯ ಪತ್ರದ ನಕಲು ತರಲು ಬೆಳಿಗ್ಗೆ ಎಂಟರ ಬಸ್ಸಿಗೆ ದೊಡ್ಡ ಊರಿಗೆ ಹೋದಳು. ಐದೂವರೆಗೆ ವಾಪಸ್ಸು. ನಾನು ಒಂಬತ್ತೂ ಹಲಗೆಗಳನ್ನು ಹಾಕಿ, ದೀಪ ಹಚ್ಚಿ, ಅಂಗಡಿಯದೇ ಸ್ಯಾಂಡ್ ಪೇಪರಿನ ಖಾನೆಯಿಂದ ಒಂದು ಕಟ್ಟು ತೆಗೆದುಕೊಂಡೆ. ಕೆಳಗಿನ ಸಾಲಿನಿಂದ ಶುರು. ಖಾನೆ ಎಳೆಯುವುದು, ಒಳಗಿನದನ್ನು ಬೋಗುಣಿಗೆ ಸುರಿಯುವುದು, ಮಗುಚುವುದು, ಬರಹ ಇದ್ದರೆ ಉಜ್ಜುವುದು, ಮತ್ತೆ ತುಂಬಿ ನೂಕುವುದು. ಮೊದಲನೆಯದನ್ನು ಓದಿದೆ. ದೊಡ್ಡಪ್ಪನ ಅಕ್ಷರ: 'ಇಲಿ ಕಡಿದಿತ್ತು, ತಳ ಬದಲು. ಇಲಿ ಸಿಕ್ಕಲಿಲ್ಲ.' ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಓದುತ್ತ ಕೂತರೆ ಕೈ ಏಳುವುದಿಲ್ಲ ಎಂದು ಗೊತ್ತಾಯಿತು. ಎರಡನೆಯದರಿಂದ ಓದುವುದನ್ನು ಬಿಟ್ಟುಬಿಟ್ಟೆ. ಅಕ್ಷರ ಕಂಡರೆ ಸಾಕು, ಕಣ್ಣು ಬೇರೆ ಕಡೆ ಮಾಡಿಕೊಂಡು ಉಜ್ಜಿದೆ.

ಹನ್ನೊಂದು ಗಂಟೆಗೆ ಯಾರೋ ಹಲಗೆ ಬಡಿದರು. ಉಸಿರು ಬಿಗಿಹಿಡಿದು ಕೂತೆ. ಬಡಗಿ. ದೊಡ್ಡಮ್ಮಾ, ಹುಷಾರಾಗಿದ್ದೀರಾ, ಕೆಲಸದ ದಿನ ಅಂಗಡಿ ಮುಚ್ಚಿದೆಯಲ್ಲ ಎಂದು ಎರಡು ಸಲ ಕೂಗಿ ಹೋದ. ಆಮೇಲೆ ಇನ್ನೊಬ್ಬರು. ಆಮೇಲೆ ಇನ್ನೊಬ್ಬರು. ನಾನು ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ಕೂತಿದ್ದೆ. ಐದು ಹೊಡೆಯುವ ಹೊತ್ತಿಗೆ ಆರು ಸಾಲು ಮುಗಿದಿತ್ತು. ಐವತ್ತೆಂಟು ಖಾನೆಗಳ ಬರಹ ಪುಡಿಯಾಗಿ ನೆಲದ ಮೇಲೆ ಬಿದ್ದಿತ್ತು. ಮೇಲಿನ ಆರು ಸಾಲಿಗೆ ಏಣಿ ಹತ್ತಬೇಕು. ಬಂದವರು ಏಣಿ ಹತ್ತಿ ನೋಡುತ್ತಾರೆಯೇ ಎಂದುಕೊಂಡು ಪುಡಿ ಗುಡಿಸಿ ಹೊರಗೆ ಚೆಲ್ಲಿದೆ.

ದೊಡ್ಡಮ್ಮ ಬಂದವಳೇ ಮೂಗು ಅರಳಿಸಿ, ಏನೇ ಇದು ಮರದ ವಾಸನೆ ಎಂದಳು. ಕೌಂಟರು ಉಜ್ಜಿ ಒರೆಸಿದೆ ಎಂದೆ. ನನ್ನ ತಲೆಯ ಮೇಲಿನ ಧೂಳನ್ನು ಒಂದು ಗಳಿಗೆ ನೋಡಿದಳು, ಮಾತು ಬೆಳೆಸಲಿಲ್ಲ. ಬಸ್ಸಿನಲ್ಲಿ ನಿಂತೇ ಬಂದಿದ್ದಳು, ಕಾಲು ಊದಿತ್ತು.

ಗುರುವಾರ ಹತ್ತಕ್ಕೆ ಪಟ್ಟಿಯ ಮೇಡಂ ಬಂದರು. ಐವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಹೆಂಗಸು. ಜೊತೆಗೆ ಇಂಜಿನಿಯರರು. ಮೇಡಂ ಹಲಗೆ ಸವರಿದರು, ತೊಲೆ ನೋಡಿದರು, ಮಾದರಿಗಳನ್ನು ನೋಡಿ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಬಗ್ಗಿ ಕೆಳಗಿನಿಂದ ಮೂರನೆಯ ಸಾಲಿನ ಒಂದು ಖಾನೆ ಎಳೆದರು. ಮೊಳೆಗಳನ್ನು ಸುರಿದು ಮಗುಚಿದರು. ಬೆರಳಾಡಿಸಿದರು. ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಎಳೆದರು. ಮತ್ತೊಂದು.

'ಇದನ್ನ ಉಜ್ಜಿ ಒಂದು ದಿನವೂ ಆಗಿಲ್ಲ' ಎಂದರು ಮೇಡಂ. 'ಅಮ್ಮಾ, ಯಾಕೆ ಉಜ್ಜಿದ್ರಿ?'

ಇಂಜಿನಿಯರರು ಕೆಮ್ಮಿದರು. ಹೊಸದಾಗಿ ಮಾಡಿಸಿ ಹಳೆಯದೆಂದು ತೋರಿಸುವುದು ಈಗ ಎಲ್ಲ ಕಡೆ ಇದೆ ಎಂದರು. ದೊಡ್ಡಮ್ಮ ಆ ಖಾನೆಯನ್ನು ಮೇಡಂ ಕೈಯಿಂದ ತೆಗೆದುಕೊಂಡು ತಳ ನೋಡಿದಳು. ಎರಡನೆಯದನ್ನು ನೋಡಿದಳು. ಮೂರನೆಯದನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಏಣಿ ತಂದು, ಊದಿದ ಕಾಲಲ್ಲೇ ಹತ್ತಿ, ಮೇಲಿನ ಸಾಲಿನಿಂದ ಒಂದು ಖಾನೆ ಇಳಿಸಿ ಮೇಡಂ ಕೈಗಿಟ್ಟಳು.

ಮೇಡಂ ಓದಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ತಾವೇ ಏಣಿ ಹತ್ತಿ ಒಂದಾದ ಮೇಲೊಂದು ಹತ್ತು ಖಾನೆ ತೆಗೆದು ಓದಿದರು. ಕೆಳಗಿಳಿದಾಗ ಅವರ ದನಿಯೇ ಬದಲಾಗಿತ್ತು. 'ಹಳೇ ಅಂಗಡಿ ಊರಿಗೆ ನಾಲ್ಕಿವೆ ಅಮ್ಮಾ. ಮಾಡಿದ ಒಂದೊಂದು ರಿಪೇರಿನೂ ಮಾಡಿದೋರ ಕೈಯಲ್ಲೇ ಬರೆದಿಟ್ಟಿರೋದು, ಅದೂ ನೂರು ವರ್ಷ, ಒಂದು ಕಡೆನೂ ನೋಡಿಲ್ಲ ನಾನು. ನಿಮ್ಮ ಅಂಗಡಿಯ ಬೆಲೆ ಇರೋದೇ ಇದರಲ್ಲಿ.' ಆಮೇಲೆ ಕೆಳಗಿನ ಸಾಲುಗಳ ಕಡೆ ತಿರುಗಿ, 'ಇವುಗಳಲ್ಲೂ ಇತ್ತಾ?' ಎಂದು ಕೇಳಿದರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 'ನಾನು ಉಜ್ಜಿದ್ದು' ಎಂದೆ. 'ದೊಡ್ಡಮ್ಮನಿಗೆ ಗೊತ್ತಿಲ್ಲ. ರಿಪೇರಿ ಆಗಿದೆ ಅಂತ ತಿಳಿದ್ರೆ ಹೊಡೆದು ಹಾಕ್ತೀರಿ ಅಂತ ಹೆದರಿದೆ. ಐವತ್ತೆಂಟು.'

ಮೇಡಂ ಕುರ್ಚಿ ಎಳೆದು ಕೂತರು, ಬರೆದಿಟ್ಟ ರಿಪೇರಿಗೆ ಆ ಲೆಕ್ಕ ಇಲ್ಲವಮ್ಮ ಎಂದರು. ಇಂಜಿನಿಯರರು ಇದು ಸಾಕ್ಷ್ಯನಾಶ, ಪರೀಕ್ಷೆಯ ಹಿಂದಿನ ದಿನ ಮಾಡಿದ್ದು, ಕಡತದಲ್ಲಿ ಬರೆದುಕೊಳ್ಳಬೇಕು ಎಂದರು. ಮೇಡಂ ಅದನ್ನು ಅಲ್ಲಗಳೆಯಲಿಲ್ಲ. ಅರ್ಧದಷ್ಟು ಹೋಗಿದೆ, ಸಮಿತಿಯ ಮುಂದೆ ಏನು ಹೇಳುವುದೋ ನನಗೇ ತಿಳಿಯುತ್ತಿಲ್ಲ ಎಂದರು.

ಆಗ ದೊಡ್ಡಮ್ಮ ಬಾಯಿ ಬಿಟ್ಟಳು. 'ಹೋಗಿಲ್ಲ. ನನ್ನ ತಲೇಲಿದೆ. ಬರ್ಕೊಳ್ಳಿ.'

ನಾನು ನಂಬಲಿಲ್ಲ. ಮೇಡಂ ಕೂಡ ನಂಬಿದಂತೆ ಕಾಣಲಿಲ್ಲ. ದೊಡ್ಡಮ್ಮ ಗೋಡೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಳು, ಮೇಲಿನ ಸಾಲುಗಳಲ್ಲಿ ಯಾವುದನ್ನಾದರೂ ಕೇಳಿ ಪರೀಕ್ಷೆ ಮಾಡಿ ಎಂದಳು. ಮೇಡಂ ಏಣಿ ಹತ್ತಿದರು. ಹನ್ನೊಂದನೆಯ ಸಾಲು, ಎಡದಿಂದ ನಾಲ್ಕನೆಯದು ಎಂದರು. ಇಂಜಿನಿಯರರು ಕೈಕಟ್ಟಿ ನಿಂತರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಅದು ಕೊಂಡಿಯ ಖಾನೆ, ಮಾವನ ಅಕ್ಷರ, ಪಕ್ಕದ ಮನೆಗೆ ಬೆಂಕಿ ಬಿದ್ದ ವರ್ಷ ಎಂದಳು. 'ಹೊಗೆ ಹಿಡಿದಿತ್ತು, ಮುಂದಿನ ಹಲಗೆ ಬದಲು. ವಾಸನೆ ಹೋಗಿಲ್ಲ.' ಮೇಡಂ ಖಾನೆ ಮಗುಚಿದರು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂಸಿ ನೋಡಿ, ಇನ್ನೂ ಹೋಗಿಲ್ಲ ಎಂದರು.

ಒಂಬತ್ತನೆಯ ಸಾಲಿನ ಕೊನೆಯದನ್ನು ಕೇಳಿದರು. ಅದೂ ಸರಿ. ಹನ್ನೆರಡನೆಯ ಸಾಲಿನ ಆರನೆಯದನ್ನು ಕೇಳಿದರು. ಇದಕ್ಕೆ ದೊಡ್ಡಮ್ಮ ತುಂಬ ಹೊತ್ತು ಸುಮ್ಮನಿದ್ದಳು. ಇಂಜಿನಿಯರರ ಕಟ್ಟಿದ ಕೈ ಸಡಿಲವಾಯಿತು, ಇನ್ನೇನು ಸಿಕ್ಕಿಬಿದ್ದಳು ಎಂಬಂತೆ. 'ಅದರಲ್ಲಿ ಏನೂ ಬರೆದಿಲ್ಲ' ಎಂದಳು ಕೊನೆಗೆ. 'ಅದಕ್ಕೆ ಇನ್ನೂ ಏನೂ ಆಗಿಲ್ಲ. ಗಟ್ಟಿ ಪಿಂಡ.' ಮೇಡಂ ಮಗುಚಿ ತೋರಿಸಿದರು. ತಳ ಖಾಲಿ, ನೂರಾ ಹದಿನಾಲ್ಕು ವರ್ಷದ ಕಂದು ಮರ, ಅಷ್ಟೇ.

ಆಮೇಲೆ ಮೂರು ಗಂಟೆಯವರೆಗೆ ದೊಡ್ಡಮ್ಮ ಹೇಳಿದಳು, ಮೇಡಂ ಬರೆದರು. ನೆರೆ ಬಂದದ್ದು, ಗೆದ್ದಲು ಹತ್ತಿದ್ದು, ದೊಡ್ಡಪ್ಪ ಸುತ್ತಿಗೆಯಿಂದ ಹೆಬ್ಬೆರಳು ಜಜ್ಜಿಕೊಂಡು 'ಕೆಲಸ ಅಂದವಾಗಿಲ್ಲ' ಎಂದು ಬರೆದದ್ದು. ಗಂಡ ಹೋದ ಹನ್ನೆರಡನೆಯ ದಿನ ಅವಳು ಕೊಕ್ಕೆಯ ಖಾನೆ ಬಿಚ್ಚಿ 'ಕೆಟ್ಟಿರಲಿಲ್ಲ. ಸುಮ್ಮನೆ ಕೂರಲಾಗಲಿಲ್ಲ' ಎಂದು ಬರೆದದ್ದು. ಅದನ್ನೂ ನಾನು ಉಜ್ಜಿದ್ದೆ. ಒಂದೊಂದಾಗಿ ಕೇಳುತ್ತ ನಿಂತೆ. ಕೂರು ಎಂದು ಯಾರೂ ಹೇಳಲಿಲ್ಲ, ಕೂರುವ ಮುಖವೂ ನನಗಿರಲಿಲ್ಲ.

ಐವತ್ತೇಳಾದ ಮೇಲೆ ಅವಳು ನಿಲ್ಲಿಸಿದಳು. ಇನ್ನೊಂದು ಉಳಿಯಿತಲ್ಲ, ಕೆಳಗಿನ ಸಾಲಿನ ಮೂರನೆಯದು ಎಂದರು ಮೇಡಂ. 'ಅದೊಂದು ಬಿಡಿ. ಅದು ಅಂಗಡೀದಲ್ಲ, ಮನೇದು' ಎಂದು ದೊಡ್ಡಮ್ಮ ಎದ್ದಳು. ಮೇಡಂ ಒತ್ತಾಯ ಮಾಡಲಿಲ್ಲ. ಹೋಗುವಾಗ, ನೀವು ಹೇಳಿದ್ದು ಹೇಳಿಕೆ ಆಗುತ್ತದೆ, ಬರಹ ಆಗುವುದಿಲ್ಲ, ನಾನು ಭರವಸೆ ಕೊಡಲಾರೆ ಎಂದರು.

ಅಂದು ಸಂಜೆ ದೊಡ್ಡಮ್ಮ ನನ್ನ ಮಷೀನಿನ ಮೇಲೆ ಒಂದು ಪೆನ್ಸಿಲು ಇಟ್ಟಳು. ನೀನು ಮಾಡಿದ ಕೆಲಸ ನೀನು ಬರಿ, ಕಟ್ಟಳೆ ಗೊತ್ತಲ್ಲ ಎಂದಳು. ಅಷ್ಟೇ. ದಿನಕ್ಕೆ ಹತ್ತರಂತೆ ಐವತ್ತೇಳು ಖಾನೆಗಳ ತಳದಲ್ಲಿ ನನ್ನ ಹೆಸರು, ವರ್ಷ, 'ಹೆದರಿಕೆಗೆ ಉಜ್ಜಿದೆ' ಎಂದು ಬರೆದೆ. ಅದರ ಕೆಳಗೆ, ಮೊದಲು ಅಲ್ಲಿ ಏನಿತ್ತು ಎಂದು ದೊಡ್ಡಮ್ಮ ಹೇಳಿದ್ದನ್ನು, ಮೇಡಂ ಕೊಟ್ಟ ನಕಲು ನೋಡಿಕೊಂಡು ಬರೆದೆ. ಐವತ್ತೆಂಟನೆಯ ಖಾನೆಯನ್ನು ಅವಳು ತನ್ನ ಮಲಗುವ ಕೋಣೆಗೆ ಎತ್ತಿಕೊಂಡು ಹೋಗಿದ್ದಳು. ಗೋಡೆಯಲ್ಲಿ ಆ ಜಾಗ ಬಿದ್ದ ಹಲ್ಲಿನ ಹಾಗೆ ಕಪ್ಪಗೆ ಕಾಣುತ್ತಿತ್ತು.

ಹನ್ನೊಂದು ವಾರ ಉತ್ತರವಿಲ್ಲ. ಹನ್ನೊಂದು ವಾರ ದೊಡ್ಡಮ್ಮನೂ ನನ್ನ ಜೊತೆ ಊಟಕ್ಕೆ ಬಾ, ದೀಪ ಆರಿಸು ಎನ್ನುವುದರ ಆಚೆಗೆ ಮಾತಾಡಲಿಲ್ಲ. ಪುರಸಭೆಯವರು ಬಂದು ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಪೋಸ್ಟಿನವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ನಾನು ಹೊಲಿಗೆ ತಪ್ಪುತ್ತಿದ್ದೆ. ಒಬ್ಬರ ಅಂಗಿಗೆ ಎರಡೂ ಎಡತೋಳು ಹೊಲಿದು, ಕೊಟ್ಟೂಬಿಟ್ಟೆ.

ಕೊನೆಗೆ ಕಾಗದ ಬಂತು. ಅಂಗಡಿ ಪಟ್ಟಿಗೆ ಸೇರಿತ್ತು. ಕಾರಣ ಎಂಬ ಜಾಗದಲ್ಲಿ, ದುರಸ್ತಿ ಮಾಡಿದವರೇ ಬರೆದ ನೂರು ವರ್ಷದ ದಾಖಲೆ ಇಲ್ಲಿದೆ ಎಂದಿತ್ತು. ಅದರ ಕೆಳಗೇ, ಐವತ್ತೆಂಟು ಖಾನೆಗಳ ಮೂಲ ಬರಹವನ್ನು ಈ ವರ್ಷ ಅಂಗಡಿಯ ಒಡತಿಯ ತಂಗಿಯ ಮಗಳು ಅಳಿಸಿದ್ದಾಳೆ ಎಂದೂ ಇತ್ತು. ಸರ್ಕಾರದ ಕಡತದಲ್ಲಿ ನನ್ನ ಘನಕಾರ್ಯ ಸೇರಿದ್ದು ಹೀಗೆ. ಲಾರಿಗಳು ಊರ ಹೊರಗಿಂದ ಸುತ್ತಿ ಹೋಗಲಿ ಎಂದು ಬೋರ್ಡು ಹಾಕಿಸುವುದೆಂದಾಯಿತು. ಅದಕ್ಕೆ ಬೋಲ್ಟು ಕೊಳ್ಳಲು ಇಂಜಿನಿಯರರು ನಮ್ಮಲ್ಲಿಗೇ ಬಂದರು. ನೀವು ಕೇಳಿದ ಅಳತೆ ತಪ್ಪು ಎಂದು ದೊಡ್ಡಮ್ಮ ಬೇರೆ ಕೊಟ್ಟು ಕಳಿಸಿದಳು.

ಕಾಗದ ಬಂದ ದಿನವೇ, ಮಧ್ಯಾಹ್ನದ ಊಟವಾದ ಮೇಲೆ, ಅವಳು ಒಳಗಿಂದ ಆ ಖಾನೆ ತಂದು ನನ್ನ ತೊಡೆಯ ಮೇಲಿಟ್ಟಳು. ಚಿಲಕದ ಖಾನೆ. ಹಿಡಿ ಉಳಿದವುಗಳಿಗಿಂತ ಸ್ವಲ್ಪ ಸೊಟ್ಟ.

'ಇದು ನಿಮ್ಮಮ್ಮ ಮಾಡಿದ್ದು' ಎಂದಳು. 'ನೀವಿಬ್ಬರೂ ಆಗ ಇಲ್ಲೇ ಇದ್ರಿ, ನಿನಗಿನ್ನೂ ವರ್ಷ ತುಂಬಿರಲಿಲ್ಲ. ಈ ಹಿಡಿ ಹಿಡ್ಕೊಂಡೇ ಎದ್ದು ನಿಲ್ಲೋಕೆ ಕಲಿತವಳು ನೀನು. ಒಂದಿನ ಕಿತ್ತು ಕೈಗೆ ಬಂತು. ಅವಳೇ ಕೂತು ಹೊಸದು ಹಚ್ಚಿದ್ಲು, ಅವಳೇ ಬರೆದ್ಲು.'

ಆ ಸೊಟ್ಟ ಹಿಡಿಯನ್ನು ಹಿಡಿದುಕೊಂಡೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

'ಹೇಳೋದಲ್ಲ ಅದು. ಬಿಚ್ಚಿದೋರು ಓದೋದು. ನೀನೇ ಬಿಚ್ಚಿ ಓದ್ಲಿ ಅಂತ ಎಷ್ಟು ಸಲ ಕರೆದೆ.'

ಆ ಬುಧವಾರ ನಾನು ಉಜ್ಜಿದ ಮೂರನೆಯ ಖಾನೆ ಅದು. ಮಗುಚಿ, ಇದೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಮ್ಮನ ಅಕ್ಷರ ನನ್ನ ಕೈಯಳತೆಯಲ್ಲಿತ್ತು. ಕಣ್ಣು ಬೇರೆ ಕಡೆ ಮಾಡಿಕೊಂಡು ಉಜ್ಜಿದೆ. ಈಗ ಎಷ್ಟು ಬೆರಳಾಡಿಸಿದರೂ ನುಣ್ಣನೆಯ ಮರವೇ ಹೊರತು ಒಂದು ಗೀರೂ ಸಿಗಲಿಲ್ಲ. ಅಮ್ಮ ಸತ್ತಾಗ ಅಳಲು ನನಗೆ ತಿಳಿದಿರಲಿಲ್ಲ. ಅದನ್ನೆಲ್ಲ ಅವತ್ತು ಅತ್ತೆ.

ದೊಡ್ಡಮ್ಮ ಅಳು ನಿಲ್ಲುವವರೆಗೂ ಕಾದಳು. ಆಮೇಲೆ ಅಲ್ಲಿ ಏನಿತ್ತು ಎಂದು ಹೇಳಿದಳು: 'ಮಗಳು ಹಿಡಿ ಕಿತ್ತಳು. ಹೊಸದು ಹಚ್ಚಿದೆ. ಬೈಯಲಿಲ್ಲ.'

ಪೆನ್ಸಿಲು ಕೊಟ್ಟಳು. ನನ್ನ ಹೆಸರು ಬರೆದೆ, ವರ್ಷ ಬರೆದೆ. ಯಾಕೆ ಎಂಬಲ್ಲಿ, 'ಹೆದರಿಕೆಗೆ ಉಜ್ಜಿದೆ. ಓದಲಿಲ್ಲ' ಎಂದು ಬರೆದೆ. ಕೆಳಗೆ ಅಮ್ಮನ ಮೂರು ಮಾತನ್ನು ಬರೆದೆ. ದೊಡ್ಡಮ್ಮ ಖಾನೆಯನ್ನು ದೂರ ಹಿಡಿದು ಪೂರ್ತಿ ಓದಿದಳು. ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಎಲ್ಲಕ್ಕೂ ಕೆಳಗೆ, ತನ್ನ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದಳು: 'ನಾನೂ ಬೈಯಲಿಲ್ಲ.' ಆಮೇಲೆ ಚಿಲಕಗಳನ್ನು ತುಂಬಿ, ಖಾನೆಯನ್ನು ಅದರ ಜಾಗಕ್ಕೆ ನೂಕಿ, ಗಿರಾಕಿಯನ್ನು ನೋಡಲು ಹೋದಳು.